ಕಂಪವಾತದ ಕಾಲು ಓಡಿದ ಸಂಜೆ

ಮೈಮೇಲೆ ದೇವರು ಬಂತು, ನಡೆಯಲಾರದವ ಎದ್ದು ನಡೆದ ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ. ನನಗೆ ಆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಂಬುವುದು ನಿಮಗೆ ಬಿಟ್ಟದ್ದು.

ಬನಹಟ್ಟಿಯಲ್ಲಿ ನನ್ನದೊಂದು ಸೀರೆ ಅಂಗಡಿ ಇತ್ತು. ಮೊದಲು ಬಲಗೈ ನಡುಗಿತು, ಸೀರೆಯ ಮಡಿಕೆ ಕೂಡದಾಯಿತು. ಆಮೇಲೆ ನನ್ನ ಅಕ್ಷರ ಇರುವೆಯಷ್ಟು ಸಣ್ಣದಾಯಿತು. ಮುಧೋಳದ ಡಾಕ್ಟರು ಪಾರ್ಕಿನ್ಸನ್ ಎಂದರು. ಇನ್ನೂರು ವರ್ಷದ ಹಿಂದೆ ಲಂಡನ್ನಿನ ವೈದ್ಯರೊಬ್ಬರು ಇದನ್ನು ವಿವರವಾಗಿ ಬರೆದಿಟ್ಟರಂತೆ. ನಮ್ಮ ಹಳೆಯ ವೈದ್ಯರು ಇದನ್ನೇ ಕಂಪವಾತವೆಂದು ಕರೆದು ನಸುಗುನ್ನಿ ಬಳ್ಳಿಯ ಬೀಜ ಕೊಡುತ್ತಿದ್ದರಂತೆ. ಈಗಿನ ಗುಳಿಗೆಯಲ್ಲಿರುವ ವಸ್ತು ಆ ಬೀಜದಲ್ಲೂ ಇದೆ ಎಂದರು.

ಅಂಗಡಿಯನ್ನು ತಮ್ಮನಿಗೆ ಬಿಟ್ಟು ಹುನ್ನೂರಿನ ತೋಟದ ಮನೆಗೆ ಬಂದೆವು. ಅಷ್ಟರಲ್ಲಿ ಹೊಸ್ತಿಲು ಕಂಡರೆ ಸಾಕು, ಕಾಲು ನೆಲಕ್ಕೆ ಅಂಟುತ್ತಿತ್ತು. ಹೆಂಡತಿ ಕಸ್ತೂರಿ ನನ್ನ ಮುಂದೆ ತನ್ನ ಪಾದ ಅಡ್ಡ ಇಟ್ಟು, "ಇದನ್ನ ದಾಟ್ರಿ" ಅಂದರೆ ಮಾತ್ರ ಹೆಜ್ಜೆ ಏಳುತ್ತಿತ್ತು.

ಒಂದು ಸಂಜೆ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಆಕೆ ಕರೆಂಟಿನ ಯಂತ್ರದಲ್ಲಿ ಎಮ್ಮೆಗೆ ಮೇವು ಕತ್ತರಿಸುತ್ತಿದ್ದಳು. ಮೇವಿನ ಜತೆ ಸೆರಗಿನ ತುದಿಯೂ ಒಳಗೆ ಹೋಯಿತು. ಸೆರಗು ತೋಳಿಗೆ ಬಿಗಿದು ಕೈಯನ್ನು ಅಲಗಿನತ್ತ ಜಗ್ಗತೊಡಗಿತು.

"ಬಂದ್ ಮಾಡ್ರೀ!" ಎಂದು ಚೀರಿದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಟನ್ ಅಂಗಳದಾಚೆಯ ಗೋಡೆಗಿತ್ತು.

ಎದ್ದದ್ದು ನೆನಪಿಲ್ಲ. ಓಡಿದ್ದು ನೆನಪಿದೆ. ಕಾಲು ಹಗುರಾಗಿತ್ತು. ಅಂಗಿಯ ಗುಂಡಿ ಹಾಕಲಾರದ ಕೈ ಒಂದೇ ಸಲಕ್ಕೆ ಬಟನ್ ಬಂದ್ ಮಾಡಿತು. ಯಂತ್ರ ನಿಂತಾಗ ಆಕೆಯ ಬೆರಳಿಗೂ ಅಲಗಿಗೂ ಒಂದು ಗೇಣು ಅಂತರವಿತ್ತು.

ಸೆರಗು ಹರಿದುಕೊಂಡು ಬಂದವಳು ನನ್ನನ್ನೇ ನೋಡಿದಳು. "ನೀವು ಹೆಂಗ ಬಂದ್ರಿ?"

"ಗೊತ್ತಿಲ್ಲ" ಅಂದೆ. ತಿರುಗಿ ಹೋಗಬೇಕೆಂದರೆ ಕಾಲು ಮತ್ತೆ ಏಳಲಿಲ್ಲ. ಆಕೆಯೇ ಹಿಡಿದು ಕರೆತಂದಳು.

ಸುದ್ದಿ ಕೇಳಿ ಬಂದ ನಮ್ಮ ಅತ್ತೆ, "ನಮ್ಮ ದೇವರು ಬೀರಪ್ಪನೇ ಎತ್ತಿ ಒಯ್ದಾನ" ಎಂದು ಕಣ್ಣೊರೆಸಿಕೊಂಡರು. ಡಾಕ್ಟರೂ ನಗಲಿಲ್ಲ. "ಇಂಥಾದ್ದನ್ನ ಹಿಂದಿನ ವೈದ್ಯರೂ ನೋಡ್ಯಾರ್ರಿ. ಗಂಡಾಂತರ ಬಂದಾಗ ಮೆದುಳು ಬ್ಯಾರೆ ಹಾದಿ ಹಿಡೀತೈತಿ ಅಂತಾರ. ಆದ್ರ ಆ ಹಾದಿ ದಿನಾ ಯಾಕ ತೆರೆಯೂದಿಲ್ಲ, ಪೂರ್ತಿ ಯಾರಿಗೂ ತಿಳಿದಿಲ್ಲ" ಎಂದರು.

ಅದೇ ಕಟ್ಟೆಯಿಂದ ಹಾಗೆಯೇ ಓಡಲು ಎಷ್ಟೋ ಸಲ ಹವಣಿಸಿದ್ದೇನೆ. ಆಗಿಲ್ಲ. ದೇವರೋ ಮೆದುಳೋ, ನನಗಿನ್ನೂ ತಿಳಿದಿಲ್ಲ. ಮೊಬೈಲಿಗೆ ಹೇಳಿ ಇದನ್ನು ಬರೆಸುತ್ತಿರುವಾಗ ಒಳಗೆ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಾಳೆ, ಎರಡೂ ಕೈಯಿಂದ. ಆ ಸಪ್ಪಳ ಕೇಳಿದಾಗೆಲ್ಲ, ಯಾರಿಗೆಂದು ಗೊತ್ತಿಲ್ಲದೆಯೇ, ಕೈ ಮುಗಿಯುತ್ತೇನೆ.