ಹೆಪ್ಪುಗಟ್ಟಿದ ಜಲಾಶಯದ ದಂಡೆಯಲ್ಲಿ

ರಷ್ಯಾದ ಉತ್ತರ ಭಾಗದ ಈ ಜಲಾಶಯವನ್ನು ನೋಡಲು ಸರಕಾರ ನಮ್ಮಿಬ್ಬರನ್ನು ಕಳಿಸಿದೆ. ಒಬ್ಬರು ನಮ್ಮ ಹೊಳೆಗೂ ಅಣೆಕಟ್ಟು ಬೇಕೆಂದು ಸರಕಾರದ ಬೆನ್ನು ಹತ್ತಿರುವ ಯಾವಗಲ್ಲಿನ ರೈತ ಶಿವಪ್ಪ. ವರದಿ ಬರೆಯಲು ನಾನು, ನರಗುಂದದ ಶಾಲಾ ಮಾಸ್ತರ.

ಬಸ್ಸಿಳಿದವರೇ ಶಿವಪ್ಪ ಬಿಳಿಯ ಬಯಲಿಗೆ ನಡೆದು, ಕುಕ್ಕರಗಾಲಲ್ಲಿ ಕೂತು ಹಿಮ ಕೆದರತೊಡಗಿದರು. ಹೊಸ ಊರಿಗೆ ಹೋದರೆ ನಮ್ಮ ಕಡೆಯವರು ಮೊದಲು ಮಣ್ಣು ಮುಟ್ಟಿ ನೋಡುತ್ತಾರೆ.

"ಇಷ್ಟ ದೊಡ್ಡ ಹೊಲಾ ಬೀಳು ಬಿಟ್ಟಾರಲ್ರಿ ಮಾಸ್ತರ!"

"ಹೊಲ ಅಲ್ರಿ, ನೀರು. ಜಲಾಶಯದ ಮ್ಯಾಲ ಕುಂತೀರಿ ನೀವು," ಎಂದೆ.

ಅವರು ಗಾಬರಿಯಾಗಿ ದಂಡೆಗೆ ಬಂದು, ಬೂಟು ಕಳಚಿ ಕೈಮುಗಿದರು. ಗಂಗವ್ವನನ್ನು ನಮ್ಮಲ್ಲಿ ಯಾರೂ ಚಪ್ಪಲಿ ಮೆಟ್ಟಿದ ಕಾಲಲ್ಲಿ ತುಳಿಯುವುದಿಲ್ಲ.

ಅದನ್ನು ಕಂಡ, ನಮ್ಮ ಜೊತೆ ಬಂದಿದ್ದ ರಷ್ಯದ ದುಭಾಷಿ ಹೆಣ್ಣುಮಗಳು ನನಗೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು: ತನ್ನ ಊರು ಈ ನೀರಿನ ಕೆಳಗಿದೆ. ಮರದ ಮನೆ ಬಿಚ್ಚಿ ತೊಲೆಗಳನ್ನು ಹೊತ್ತೊಯ್ದರು, ಅಜ್ಜಿಯ ಗೋರಿಯನ್ನು ಹೊರಲಾಗಲಿಲ್ಲ. ಶಿವಪ್ಪನವರಿಗೆ ಅದನ್ನು ಕನ್ನಡದಲ್ಲಿ ಹೇಳಿದೆ.

ಅವರು ಬೂಟು ಮೆಟ್ಟಿ, ದಾರ ಬಿಗಿಯುತ್ತ ಹೇಳಿದರು:

"ಮಾಸ್ತರ, ಇದನ್ನ ವರದ್ಯಾಗ ಬರೀಬ್ಯಾಡ್ರಿ. ನಮ್ಮ ಅಣೆಕಟ್ಟಿಗೂ ಮುಳುಗೋ ಊರು ಅದಾವು. ಆ ಊರವರಿಗೆ ತಿಳದ್ರ ಕಟ್ಟಗೊಡಂಗಿಲ್ಲ."

ಬೈಯುವಷ್ಟು ಸಿಟ್ಟು ಬಂತು. ಆದರೆ ಬೇಸಿಗೆಯಲ್ಲಿ ನನ್ನ ಹೆಂಡತಿಯೂ ನೀರಿಗಾಗಿ ಕೊಡ ಹೊತ್ತು ಹರದಾರಿ ನಡೆಯುತ್ತಾಳೆ. ಆ ಹೆಣ್ಣುಮಗಳ ಊರಿನ ಹೆಸರನ್ನು ಆಗಲೇ ಬರೆದುಕೊಂಡಿದ್ದೆ. ಅದರ ಮೇಲೆ ಗೆರೆ ಎಳೆದು, ಅಣೆಕಟ್ಟಿನ ಉದ್ದ ಎಷ್ಟೆಂದು ಅವಳನ್ನೇ ಕೇಳಿದೆ.