ರುದ್ರವ್ವನ ಮಣೆ ತೊಳೆದವನು

ಆ ಮಣೆಯನ್ನು ತೊಳೆದವನು ನಾನು. ಹೂಲಿಯ ಸೂಲಗಿತ್ತಿ ರುದ್ರವ್ವನ ಸೊಸೆ ಕಮಲವ್ವ ಅಲ್ಲ, ನಾನು. ಇಷ್ಟು ಚಿಕ್ಕ ಮಾತನ್ನು ನಲವತ್ತು ದಾಟಿದ ವರ್ಷಗಳಲ್ಲಿ ನಾನು ಯಾರ ಮುಂದೆಯೂ ಆಡಲಿಲ್ಲ. ಆಡದೆ ಇದ್ದದ್ದಷ್ಟೇ ಆಗಿದ್ದರೆ ಅದನ್ನು ಹೇಡಿತನ ಎನ್ನಬಹುದಿತ್ತು. ನಾನು ಅದರ ತದ್ವಿರುದ್ಧ ಮಾತನ್ನು ತುಂಬಿದ ಸಭೆಯಲ್ಲಿ, ಪುಸ್ತಕ ತೆರೆದು, ಓದಿ ಹೇಳಿದೆ.

ಎಪ್ಪತ್ತರ ದಶಕದ ಸಂಗತಿ. ಸವದತ್ತಿಯ ಒಂದು ಹಳೆಯ ವಾಡೆಯ ಮೂರು ಕೋಣೆಗಳಲ್ಲಿ ನಾವು ಕೆಲವರು ಸೇರಿ ಸಣ್ಣದೊಂದು ವಸ್ತುಸಂಗ್ರಹಾಲಯ ನಡೆಸುತ್ತಿದ್ದೆವು. ನಾನು ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ಶನಿವಾರ ಮಧ್ಯಾಹ್ನದಿಂದ ರವಿವಾರ ಸಂಜೆಯವರೆಗೆ ಸಂಗ್ರಹಾಲಯದ ಕೀಲಿಕೈ ನನ್ನ ಬಳಿ. ಪ್ರತಿ ತಿಂಗಳ ಮೊದಲ ರವಿವಾರ ನಾಲ್ಕು ಗಂಟೆಗೆ ಅಲ್ಲಿ ಸಾರ್ವಜನಿಕ ಕಾರ್ಯಕ್ರಮ. ಪ್ರವೇಶ ಉಚಿತ, ಕೂಡಲು ಜಮಖಾನೆ, ಕುಡಿಯಲು ಕೊಡದಲ್ಲಿ ನೀರು. ಒಂದು ತಿಂಗಳು ಹೂಲಿಯ ಗುಡಿಗಳ ಬಗ್ಗೆ ಉಪನ್ಯಾಸ, ಇನ್ನೊಂದು ತಿಂಗಳು ದೇಗಾಂವದ ಶಿಲ್ಪ, ಮತ್ತೊಂದು ತಿಂಗಳು ಉಗರಗೋಳದ ಹಾಡುಗಾರರು. ಇದರ ನಡುವೆ ನಾನೇ ಯೋಚಿಸಿ ಶುರು ಮಾಡಿದ ಒಂದು ಕಾರ್ಯಕ್ರಮವಿತ್ತು: ಮನೆಯ ವಸ್ತು, ಮನೆಯ ಮಾತು. ಜನ ತಮ್ಮ ಮನೆಯ ಹಳೆಯ ವಸ್ತುವೊಂದನ್ನು ತಂದುಕೊಡಬೇಕು, ಅದರ ಕಥೆಯನ್ನು ಹತ್ತು ನಿಮಿಷ ತಾವೇ ಹೇಳಬೇಕು. ಇತಿಹಾಸ ರಾಜರದಷ್ಟೇ ಅಲ್ಲ ಎಂದು ನಾನು ಎಲ್ಲ ಕಡೆ ಭಾಷಣ ಮಾಡುತ್ತಿದ್ದ ಕಾಲ ಅದು.

ನನಗೊಂದು ಪದ್ಧತಿ ಇತ್ತು. ವಸ್ತು ಶನಿವಾರ ಐದರೊಳಗೆ ಬರಬೇಕು. ತಂದವರ ಎದುರಿನಲ್ಲೇ ದಾಖಲೆ ಪುಸ್ತಕದಲ್ಲಿ ಬರೆಯಬೇಕು — ಹೆಸರು, ಊರು, ವಸ್ತು, ಸ್ಥಿತಿ, ಕೊನೆಗೆ ಷರಾ. ಅವರು ಏನಾದರೂ ಎಚ್ಚರಿಕೆಯ ಮಾತು ಹೇಳಿದರೆ ಅದು ಷರಾದಲ್ಲಿ. ಬೈಲಹೊಂಗಲದ ನಮ್ಮ ಮನೆಯಲ್ಲಿ ತಂದೆಯವರು ಬೆಳಗಿನ ಐದಕ್ಕೆ ನಮ್ಮನ್ನು ಎಬ್ಬಿಸಿ, ತೊಳೆದ ತಂಬಿಗೆಗಳನ್ನು ಒಂದೇ ಸಾಲಿನಲ್ಲಿ ಬೋರಲು ಹಾಕಿಸುತ್ತಿದ್ದರು. ಸಾಲು ಸೊಟ್ಟಗಾದರೆ ಮತ್ತೆ ಮೊದಲಿನಿಂದ. ಆ ಸಾಲಿನಲ್ಲೇ ನಾನು ಬೆಳೆದದ್ದು. ಪೇಟೆಯ ಜನ ನಾನು ಹಾದುಹೋಗುವುದನ್ನು ನೋಡಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು ಎಂಬುದು ಚೇಷ್ಟೆಯ ಮಾತಾದರೂ ನನಗೆ ಹಿತವಾಗಿತ್ತು.

ಆ ಶನಿವಾರ ಕಮಲವ್ವ ಬಂದಾಗ ಐದಕ್ಕೆ ಐದು ನಿಮಿಷವಿತ್ತು. ಇಪ್ಪತ್ತೆರಡರ ಹುಡುಗಿ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಮಣೆಯನ್ನು ಕೂಸಿನಂತೆ ಎದೆಗೊತ್ತಿಕೊಂಡಿದ್ದಳು.

"ಮಾಸ್ತರ, ನಮ್ಮತ್ತಿ ಕೊಟ್ಟ ಕಳಿಸ್ಯಾಳ್ರಿ. ಬಾಣಂತನದ ಮಣಿ. ನಾಳೆ ತಾನ ಬಂದು ಹೇಳತಾಳಂತ."

"ಇಷ್ಟ ತಡಾ ಮಾಡಿದ್ರ ಹೆಂಗವಾ? ಇಡು ಅಲ್ಲಿ."

"ಬಸ್ಸ ತಡಾ ಆತ್ರಿ. ಇದಕ್ಕ ನೀರ ಹಚ್ಚಬ್ಯಾಡ್ರಿ ಅಂತ ಹೇಳ್ಯಾಳ. ಕೆಳಗ ಮಸಿ ಗೆರಿ ಅದಾವು. ಬುಕ್ಕಿನಾಗ ಬರಕೋರಿ."

"ಬರಕೋತೀನಿ, ನೀ ಹೊರಡು. ಬಾಗಿಲಾ ಹಾಕೂ ಹೊತ್ತು."

ಅವಳು ಒಂದು ಕ್ಷಣ ನಿಂತಳು — ನಾನು ಬರೆಯುವುದನ್ನು ನೋಡಿಯೇ ಹೋಗಬೇಕೆಂದಿರಬೇಕು. ನಾನು ಕೀಲಿಕೈ ಗೊಂಚಲು ಕೈಗೆತ್ತಿಕೊಂಡೆ. ಅವಳು ಹೋದಳು. ಹೆಸರು, ಊರು, ವಸ್ತು ಎಂದಷ್ಟು ಬರೆದೆ. ಸ್ಥಿತಿ, ಷರಾ ಎರಡೂ ಖಾಲಿ ಉಳಿದವು. ನನ್ನ ಪುಸ್ತಕದಲ್ಲಿ ಖಾಲಿ ಜಾಗ ಉಳಿದದ್ದು ಅದೇ ಮೊದಲು.

ಬಾಗಿಲು ಹಾಕಿಕೊಂಡು ಅರಿವೆ ಬಿಚ್ಚಿದೆ. ಅರಿಷಿಣ, ಎಣ್ಣೆ, ಜಿಡ್ಡು, ಇನ್ನೂ ಏನೇನೋ — ಹೆರಿಗೆಯ ಮಣೆಗೆ ಏನೆಲ್ಲ ಹತ್ತಿರುತ್ತದೋ ಅದೆಲ್ಲ. ಮರುದಿನ ಅದನ್ನು ಇಡಬೇಕಾದದ್ದು ಹಳೆಯ ಕೈಬರಹದ ಪೋಥಿಗಳ ಪಕ್ಕದ ಮೇಜಿನ ಮೇಲೆ. ಸ್ವಚ್ಛತೆಗಾಗಿ ತೊಳೆದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನ್ನ ಕೈ ಹಿಂಜರಿದದ್ದು ಕೊಳೆಗಲ್ಲ, ಮೈಲಿಗೆಗೆ. ಎಲ್ಲರ ಇತಿಹಾಸ ಎಂದು ಭಾಷಣ ಮಾಡುತ್ತಿದ್ದವನಿಗೆ ಒಬ್ಬ ಸೂಲಗಿತ್ತಿಯ ಮಣೆಯನ್ನು ಇದ್ದಂತೆ ಮುಟ್ಟಲು ಆಗಲಿಲ್ಲ. ನೀರು ಕಾಯಿಸಿದೆ. ಸೀಗೆಕಾಯಿ ಪುಡಿ, ಸೋಡಾ, ತೆಂಗಿನ ನಾರು.

ಮೇಲ್ಭಾಗ ಮುಗಿಸಿ ಬೋರಲು ಹಾಕಿದಾಗ ಕಪ್ಪು ಗೆರೆಗಳು ಕಂಡವು. ಅರ್ಧ ತಿಕ್ಕಿದ ಮೇಲೆ ಕೈ ಒಮ್ಮೆ ನಿಂತಿತು. ಗೆರೆಗಳು ಸಾಲುಸಾಲಾಗಿದ್ದವು. ಕೆಲವು ನಿಂತವು, ಕೆಲವು ಮಲಗಿದವು, ನಡುನಡುವೆ ಚುಕ್ಕೆ. ಒಲೆಯ ಮಸಿ ತಾನಾಗಿ ಹಾಗೆ ಸಾಲು ಹಿಡಿಯುವುದಿಲ್ಲ. ಸಾಲು ಎಂದರೇನೆಂದು ನನಗಿಂತ ಚೆನ್ನಾಗಿ ಬಲ್ಲವನು ಆ ಊರಿನಲ್ಲಿ ಯಾರಿದ್ದರು? ಆ ಹುಡುಗಿ ಏನೋ ಹೇಳಿದ್ದಳಲ್ಲ ಎಂಬುದೂ ಆಗ ತಲೆಯ ಅಂಚಿಗೆ ಬಂತು. ಆದರೆ ಅರ್ಧ ಬೆಳ್ಳಗೆ, ಅರ್ಧ ಕಪ್ಪಗೆ ಬಿಡುವುದು ಹೇಗೆ — ನಾನು ಉಳಿದರ್ಧವನ್ನೂ ತಿಕ್ಕಿದೆ. ಒರೆಸಿ, ಗೋಡೆಗೆ ಆನಿಸಿ, ಕೈ ತೊಳೆದು ಬಂದು, ಸ್ಥಿತಿ ಎಂಬಲ್ಲಿ ಬರೆದೆ: ಸ್ವಚ್ಛ.

ರವಿವಾರ ನಾಲ್ಕಕ್ಕೆ ಕೋಣೆ ತುಂಬಿತ್ತು. ರುದ್ರವ್ವ ಹಸಿರು ಇಳಕಲ್ ಸೀರೆಯುಟ್ಟು ಸೊಸೆಯ ಜೊತೆ ಬಂದಿದ್ದಳು. ಹೂಲಿಯಿಂದ ಏಳೆಂಟು ಜನ ಗಂಡಸರೂ ಬಂದಿದ್ದರು. ರುದ್ರವ್ವ ತನ್ನ ಸರದಿ ಬಂದಾಗ ಎದ್ದು ನಿಂತು ಮುಂದಿನ ಸಾಲನ್ನೊಮ್ಮೆ ನೋಡಿದಳು.

"ಏನಪಾ ಶಿವಲಿಂಗ, ತಲಿಗೆ ಪಟಗಾ ಭಾರಿ ಸುತ್ತೀಯಲ್ಲ. ನಾ ನಿನ್ನ ಮೊದಲ ನೋಡಿದಾಗ ಮೈಮ್ಯಾಲ ಒಂದ ದಾರದ ಎಳಿ ಇರಲಿಲ್ಲ."

ಎಲ್ಲರೂ ನಕ್ಕರು. ಆ ಶಿವಲಿಂಗಪ್ಪ ಹೂಲಿಯ ದೊಡ್ಡ ರೈತ, ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ. ರುದ್ರವ್ವ ಹೇಳುತ್ತ ಹೋದಳು: ಮಣೆ ತನ್ನ ಅತ್ತೆಯದು, ಅತ್ತೆಗೆ ಅವಳ ಅತ್ತೆಯಿಂದ ಬಂದದ್ದು. ಕೂಸು ಹುಟ್ಟಿದ ಮನೆಯ ದೀಪದ ಮಸಿಯನ್ನು ಔಡಲೆಣ್ಣೆಯಲ್ಲಿ ಕಲಸಿ ಮಣೆಯ ಕೆಳಗೆ ಒಂದು ಗುರುತು. ಗಂಡಿಗೆ ನಿಂತ ಗೆರೆ, ಹೆಣ್ಣಿಗೆ ಮಲಗಿದ ಗೆರೆ. ಉಳಿಯದಿದ್ದರೆ ಚುಕ್ಕೆ.

"ನಮಗ ಓದು ಬರಹ ಇಲ್ಲರಿ. ಆದ್ರ ಯಾವ ಗೆರಿ ಯಾರದು ಅಂತ ಬಟ್ಟ ಇಟ್ಟು ಹೇಳತೇನಿ. ಶಿವಲಿಂಗಾ, ನಿಂದೂ ತೋರಸ್ತೇನಿ, ಬಾ ಇಲ್ಲಿ."

ಮಣೆಯನ್ನು ಬೋರಲು ಮಾಡಿದಳು. ಬೆರಳು ಇಡಲು ಹೋದವಳು ಇಡಲಿಲ್ಲ. ಬರೀ ಮರ.

ಬಾಗಿ ಮೂಲೆಮೂಲೆಯನ್ನೂ ನೋಡಿದಳು. ಆಮೇಲೆ ಮೆಲ್ಲಗೆ, "ಕಮಲಾ, ಏನ ಮಾಡಿದಿ?" ಎಂದಳು.

ಕಮಲವ್ವ ಮುಂದೆ ಬಂದು ಮಣೆಯನ್ನು ಎತ್ತಿ ಮೂಗಿಗೆ ಹಿಡಿದಳು. ನನ್ನತ್ತ ನೋಡಿದಳು. "ನಾ ಏನೂ ಮಾಡಿಲ್ಲತ್ತಿ. ಮಾಸ್ತರಿಗೆ ಹೇಳೇ ಕೊಟ್ಟೇನಿ."

ಈಗ ಎಲ್ಲರೂ ನನ್ನತ್ತ ನೋಡಿದರು. ಒಂದೇ ಒಂದು ವಾಕ್ಯ ಸಾಕಿತ್ತು. ಬಾಯಿ ತೆರೆದೆ ಕೂಡ. ಆದರೆ ಕೈ ಅಷ್ಟರಲ್ಲಿ ಪುಸ್ತಕ ತೆರೆದಿತ್ತು — ಸಂಶಯ ಬಂದಾಗ ಪುಸ್ತಕ ನೋಡು ಎಂಬುದು ನನ್ನ ರೂಢಿ — ಮತ್ತು ಅಲ್ಲಿ ನನ್ನದೇ ದುಂಡನೆಯ ಅಕ್ಷರದಲ್ಲಿ ನನಗೊಂದು ಆಸರೆ ಸಿಕ್ಕಿತು.

"ಬಂದಾಗ ಹಿಂಗೇ ಇತ್ತು," ಎಂದೆ. "ನೋಡ್ರಿ, ಬರದೀನಿ. ಸ್ಥಿತಿ, ಸ್ವಚ್ಛ. ಷರಾ, ಏನೂ ಇಲ್ಲ."

"ಮಾಸ್ತರ ಬರದಾರಂದ್ರ ಮುಗೀತ," ಎಂದ ಶಿವಲಿಂಗಪ್ಪ. "ಗಡಿಯಾರ ತಪ್ಪೀತು, ಅವರು ತಪ್ಪಂಗಿಲ್ಲ."

ರುದ್ರವ್ವ ಕೂಗಾಡಲಿಲ್ಲ. ಬೋಳು ಮರದ ಮೇಲೆ ಅಂಗೈ ಆಡಿಸಿದಳು. "ಇಲ್ಲಿಂದ ಇಲ್ಲೀತನಕ ನಮ್ಮತ್ತೀದು. ಇತ್ತಾಗಿಂದು ನಂದು," ಎಂದಳು. ಸೊಸೆಯನ್ನು ನೋಡದೆಯೇ ಅಂದಳು: "ಮುಂದ ನಿನಗ ಕೊಡೂದಿತ್ತಲ್ಲ ಇದನ್ನ."

ಮಣೆಯನ್ನು ಅವಳು ಮನೆಗೆ ಒಯ್ಯಲಿಲ್ಲ. "ಇಲ್ಲೇ ಇರಲಿ, ಇನ್ನ ಇದು ಬರೇ ಕಟಗಿ," ಎಂದು ಬಿಟ್ಟು ಹೋದಳು. ಕಾರ್ಯಕ್ರಮ ಸರಿಯಾಗಿ ಐದೂವರೆಗೆ ಮುಗಿಯಿತು. ವರದಿಯಲ್ಲಿ ನಾನು ಯಶಸ್ವಿ ಎಂದು ಬರೆದೆ.

ಆಮೇಲಿನದು ಹೂಲಿಯಿಂದ ಬರುತ್ತಿದ್ದ ನನ್ನ ವಿದ್ಯಾರ್ಥಿಗಳ ಬಾಯಿಂದ ತಿಳಿದದ್ದು. ಅದುವರೆಗೆ ರುದ್ರವ್ವ ಹೆರಿಗೆಗೆ ಹೋದಲ್ಲೆಲ್ಲ ಸೊಸೆಯನ್ನು ಕರೆದೊಯ್ದು ಕೆಲಸ ಕಲಿಸುತ್ತಿದ್ದಳು. ಆ ರವಿವಾರದ ನಂತರ ಒಬ್ಬಳೇ ಹೋಗತೊಡಗಿದಳು. ಕೊನೆಗೆ ಕೈ ನಡುಗತೊಡಗಿದಾಗಲೂ ಒಬ್ಬಳೇ. ಕಮಲವ್ವ ಸೂಲಗಿತ್ತಿಯಾಗಲಿಲ್ಲ, ಹೊಲದ ಕೂಲಿಗೆ ಹೋದಳು. ರುದ್ರವ್ವ ತೀರಿಕೊಂಡ ಸುದ್ದಿ ಬಂದ ದಿನ ನಾನು ಹೂಲಿಯ ಬಸ್ಸಿನ ಹತ್ತಿರದವರೆಗೆ ಹೋದೆ. ಬಸ್ಸು ಸಮಯಕ್ಕೆ ಸರಿಯಾಗಿ ಹೊರಟಿತು. ನಾನು ಹತ್ತಲಿಲ್ಲ.

ಈಗ ನನಗೆ ಎಂಬತ್ತನಾಲ್ಕು. ಬರುವ ತಿಂಗಳ ಮೊದಲ ರವಿವಾರ, ಅದೇ ವಾಡೆಯಲ್ಲಿ, ಹಳೆಯ ಕಾರ್ಯಕ್ರಮಗಳನ್ನು ಕಟ್ಟಿ ಬೆಳೆಸಿದವನೆಂದು ನನಗೆ ಸನ್ಮಾನವಂತೆ. ಕರೆಯಲು ಬಂದ ಹುಡುಗರ ಜೊತೆ ಹೋಗಿ ಕೋಣೆಗಳನ್ನು ನೋಡಿ ಬಂದೆ. ಮಣೆ ಗಾಜಿನ ಕಪಾಟಿನಲ್ಲಿದೆ. ಕೆಳಗಿನ ಚೀಟಿಯಲ್ಲಿ ನನ್ನ ಅಕ್ಷರವೇ ಇದೆ: ಮಣೆ, ಹೂಲಿ, ಸ್ಥಿತಿ ಸ್ವಚ್ಛ.

ಮರುದಿನ ಬೆಳಗಿನ ಬಸ್ಸಿಗೆ ಹೂಲಿಗೆ ಹೋದೆ. ಕಮಲವ್ವ ಕಟ್ಟೆಯ ಮೇಲೆ ಕೂತು ಕಡಲೆ ಹಸನು ಮಾಡುತ್ತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು. ನಾನು ನಿಂತೇ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ನನಗ ಅವತ್ತ ತಿಳೀತ್ರಿ," ಎಂದಳು. "ಸೀಗಿಕಾಯಿ ವಾಸನಿ ಹೊಡೀತಿತ್ತು. ನಮ್ಮ ಮನ್ಯಾಗ ಅದು ದೀಪಾವಳಿಗೊಮ್ಮೆ ಬರೂದು."

"ಮತ್ತ ಅವತ್ತೇ ಯಾಕ ಹೇಳಲಿಲ್ಲವಾ?"

"ಹೇಳಿದ್ನೆಲ್ರಿ. ಮಾಸ್ತರಿಗೆ ಹೇಳೇ ಕೊಟ್ಟೇನಿ ಅಂದೆ. ನಿಮ್ಮ ಬುಕ್ಕ ನನಕಿಂತ ಜೋರಾಗಿ ಮಾತಾಡ್ತು."

ರವಿವಾರ ಬಾ, ಅದೇ ಜಾಗದಲ್ಲಿ ಎಲ್ಲರೆದುರು ಹೇಳುತ್ತೇನೆ ಎಂದೆ.

"ಬರತೇನ್ರಿ. ಆದ್ರ ಕೇಳಬೇಕಾದಾಕಿ ಇಲ್ಲಲ್ರಿ." ಕಡಲೆಯ ಮೊರವನ್ನು ಕೆಳಗಿಟ್ಟಳು. "ಎಡಗಡೆ ಮೂಲ್ಯಾಗ, ತುದೀಗೆ, ಒಂದ ಚುಕ್ಕಿ ಇತ್ತು. ಅದು ನಂದ್ರಿ. ಎರಡ ದಿನದ ಹೆಣ್ಣ ಕೂಸು. ಹೆಸರ ಇಟ್ಟಿರಲಿಲ್ಲ. ಆ ಚುಕ್ಕಿ ನೋಡಾಕ ಆಗಲಾರದ್ದಕ್ಕ ನಾ ಎಲ್ಲಾರದೂ ತೊಳದೆ ಅಂತ ನಮ್ಮತ್ತಿ ಸಾಯೂತನಕ ತಿಳಕೊಂಡಿದ್ಲು. ನನಗ ಉಳದಿದ್ದು ಅದೊಂದ ಚುಕ್ಕಿ. ಅದನ್ನ ನಾ ತೊಳೀತೇನೇನ್ರಿ, ಮಾಸ್ತರ?"

ಕ್ಷಮಿಸು ಎಂದು ಕೇಳುವ ಮಾತು ನಾಲಿಗೆಗೆ ಬಂದು ನಿಂತಿತು. ಕೇಳಿದ್ದರೆ ಅದೂ ಅವಳ ಮೇಲೊಂದು ಭಾರ —

ಆ ಪುಸ್ತಕವನ್ನು ಹುಡುಗರಿಂದ ಕೇಳಿ ಮನೆಗೆ ತಂದಿದ್ದೇನೆ. ಪುಟ ಹಳದಿಯಾಗಿದೆ, ಷರಾ ಇನ್ನೂ ಖಾಲಿ ಇದೆ. ರವಿವಾರ ಶಾಲು ಹೊದಿಸುವ ಮೊದಲು ಎದ್ದು ನಿಂತು, ಸ್ವಚ್ಛ ಎಂಬುದನ್ನು ಎಲ್ಲರೆದುರು ಹೊಡೆದುಹಾಕುತ್ತೇನೆ. ಷರಾದಲ್ಲಿ ಬರೆಯುವುದನ್ನು ಬರೆದು ಗಟ್ಟಿಯಾಗಿ ಓದುತ್ತೇನೆ. ನೀರು ಹಚ್ಚಬೇಡಿರೆಂದು ಕಮಲವ್ವ ಹೇಳಿದ್ದಳು. ತೊಳೆದವನು ನಾನು. ಎಡಮೂಲೆಯ ತುದಿಯಲ್ಲಿ ಒಂದು ಚುಕ್ಕೆ ಇತ್ತು.