ಗುಂಡಿ ಚಿಕ್ಕಮ್ಮನ ಮಾತ್ರೆ ಡಬ್ಬ

ಹೊಲಿಗೆ ಅಂಗಡಿಯಲ್ಲಿ ಅಕ್ಕನದು ಕತ್ತರಿ, ತಂಗಿಯದು ಗುಂಡಿ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅಂಗಿಗೆ ಗುಂಡಿ ಹೊಲಿದು ಬಿಸಾಡುವ ಈ ತಂಗಿಯನ್ನು ಬೀದಿಗೆ ಬೀದಿಯೇ ಗುಂಡಿ ಚಿಕ್ಕಮ್ಮ ಎನ್ನುತ್ತಿತ್ತು. ಗೋಡೆಯುದ್ದಕ್ಕೂ ಗುಂಡಿ ತುಂಬಿದ ಗಾಜಿನ ಡಬ್ಬಗಳು, ಒಂದಕ್ಕೂ ಚೀಟಿ ಇಲ್ಲ. ಚೀಟಿ ಕಂಡರೆ ಅಕ್ಕನಿಗೆ ಮೈಯೆಲ್ಲ ಉರಿ. “ಕಣ್ಣಿಲ್ವೇನೇ ನಿಂಗೆ? ನೋಡಿದ್ರೆ ಗೊತ್ತಾಗ್ಬೇಕು!” ಎನ್ನುವವಳು. ಅದೇ ಚಾಳಿ ಚಿಕ್ಕಮ್ಮನಿಗೆ ಮನೆಯಲ್ಲೂ. ಉಪ್ಪು, ಸಕ್ಕರೆ, ಸೋಪಿನ ಪುಡಿ, ಏನು ತಂದರೂ ಚೀಟಿಯಿಲ್ಲದ ಡಬ್ಬಕ್ಕೆ ಸುರಿಯುವುದೇ. ಒಮ್ಮೆ ಭಾವನ ಚಹಾಕ್ಕೆ ಏನು ಬಿದ್ದಿತ್ತೆಂದು ಕೇಳಬೇಡಿ.

ಇಂಥವಳಿಗೆ ಅರೆತಲೆನೋವು ಗಂಟುಬಿತ್ತು. ಒಂದು ಕಣ್ಣಿನ ಹಿಂದೆ ಶುರುವಾಯಿತೆಂದರೆ ಮಿಷನ್ನಿನ ಸದ್ದೂ ಬೇಡ, ಕಿಟಕಿಯ ಬೆಳಕೂ ಬೇಡ. ಅದರ ಬೆನ್ನಿಗೇ ಇನ್ನೊಂದು ಬಂತು. ಬೆಳಗ್ಗೆ ಏಳಲು ಮನಸ್ಸಾಗದು, ಸೂಜಿಗೆ ದಾರ ಪೋಣಿಸುತ್ತ ಸುಮ್ಮಸುಮ್ಮನೆ ಅಳು. ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋದಳು. ಇದು ಖಿನ್ನತೆ ಎಂದು ಅವರು ಒಂದು ಪುಟ್ಟ ಬಿಳಿ ಮಾತ್ರೆ ಬರೆದರು. ಅಕ್ಕನಿಗೆ ಮಾತ್ರ ತಿಳಿಯಕೂಡದು. ಹಿಂದೊಮ್ಮೆ ಗಿರಾಕಿಯೊಬ್ಬಳ ವಿಷಯ ಬಂದಾಗ ಅಕ್ಕ, “ಮನಸ್ಸಿಗೆ ಮಾತ್ರೆಯಂತೆ! ಕೆಲಸ ಇಲ್ದೋರ ಕಾಯಿಲೆ” ಎಂದು ಕತ್ತರಿಯನ್ನು ಕುಕ್ಕಿದ್ದಳಲ್ಲ!

ಹಾಗಾಗಿ ಚಿಕ್ಕಮ್ಮ ಊರಿಗೆಲ್ಲ ತಲೆನೋವೊಂದನ್ನೇ ಹೇಳಿಕೊಂಡಳು. ಬಿಟ್ಟಿ ಸಲಹೆಗೆ ಯಾವತ್ತು ಬರ? ಇಸ್ತ್ರಿಯವನು ಮೆಗ್ನೀಸಿಯಂ ತಂದ. ಅದು ಹೊಟ್ಟೆಯನ್ನು ಸಡಿಲ ಮಾಡಿ ಅವಳನ್ನು ಬಚ್ಚಲಿಗೆ ಓಡಾಡಿಸಿತು. ಭಾವ ವಿಟಮಿನ್ ತಂದ. ಮೂತ್ರ ಅರಿಶಿನದ ಬಣ್ಣಕ್ಕೆ ತಿರುಗಿ ಅವಳು ಹೌಹಾರಿದಳು. ಕೊನೆಗೆ ಅಕ್ಕನೇ ಒಂದು ಬಾಟಲಿ ಕೈಗಿಟ್ಟಳು. “ಹಳದಿ ಹೂವಿನ ಕ್ಯಾಪ್ಸೂಲ್. ಗಿಡದ್ದು ಕಣೇ, ಏನೂ ಆಗಲ್ಲ. ಮುಖಕ್ಕೆ ಒಂಚೂರು ಕಳೆ ಬರ್ಲಿ.”

ಚಿಕ್ಕಮ್ಮ ಎಲ್ಲವನ್ನೂ ಬಿಚ್ಚಿ ಒಂದೇ ಡಬ್ಬಕ್ಕೆ ಸುರಿದಳು. ಬಾಟಲಿ, ಚೀಟಿ ಎಲ್ಲ ಕಸಕ್ಕೆ. ಡಾಕ್ಟರ ಬಿಳಿ ಮಾತ್ರೆಯನ್ನೂ ಅದರಲ್ಲೇ ಬೆರೆಸಿದಳು, ಅಷ್ಟರ ನಡುವೆ ಯಾರಿಗೆ ಗೊತ್ತಾಗುತ್ತದೆ ಎಂದು.

ಮೊದಮೊದಲು ತಲೆನೋವು ಇಳಿದಂತಿತ್ತು. ಯಾವುದರಿಂದ ಇಳಿಯಿತು? “ನಂದೇ” ಎಂದ ಇಸ್ತ್ರಿಯವನು. “ನಂದು” ಎಂದ ಭಾವ. ಅಷ್ಟರಲ್ಲಿ ಮೈ ಬೆವರತೊಡಗಿತು, ಎದೆ ಡವಡವ, ಕೈ ನಡುಕ. ಇದು ಕಾಯಿಲೆಯೋ, ಔಷಧಿಯೋ? ಯಾವುದನ್ನು ಬಿಡುವುದು, ಯಾವುದನ್ನು ಇಟ್ಟುಕೊಳ್ಳುವುದು? ಒಂದು ಬೆಳಗ್ಗೆ ಗುಂಡಿಯ ತೂತಿಗೆ ಸೂಜಿ ಹೋಗಲೇ ಇಲ್ಲ. ಈ ಕೈ ಹೋದರೆ ತಾನು ಯಾತರ ಗುಂಡಿ ಚಿಕ್ಕಮ್ಮ ಎಂದು ಅವಳು ಗಳಗಳನೆ ಅತ್ತಳು. ಅಕ್ಕ ಅಂಗಡಿ ಮುಚ್ಚಿ, ಡಬ್ಬವನ್ನೂ ತಂಗಿಯನ್ನೂ ಎಳೆದುಕೊಂಡು ಹತ್ತಿರದ ಆಸ್ಪತ್ರೆಗೆ ಓಡಿದಳು.

“ಏನೇನು ತಗೊಳ್ತಿದೀರಮ್ಮಾ?” ಎಂದರು ಅಲ್ಲಿನ ಡಾಕ್ಟರು.

ಅಕ್ಕ ಡಬ್ಬವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಡಾಕ್ಟರು ಹಣೆ ಚಚ್ಚಿಕೊಂಡರು. ಅಕ್ಕ ಗುಂಡಿ ಆರಿಸುವಂತೆ ಬೆರಳಾಡಿಸಿದಳು. “ಇದು ಇಸ್ತ್ರಿಯವಂದು. ಇದು ನಮ್ಮನೆಯವರು ತಂದಿದ್ದು. ಈ ಹಳದಿ ಹೂವಿಂದು ನಾನು ಕೊಟ್ಟಿದ್ದು.” ಪುಟ್ಟ ಬಿಳಿ ಮಾತ್ರೆಯ ಮೇಲೆ ಬೆರಳು ನಿಂತಿತು.

“ಇದು ಮನಸ್ಸಿಂದು,” ಎಂದಳು ಮೆಲ್ಲಗೆ. “ಬೆಳಗ್ಗೆ, ತಿಂಡಿ ಆದ್ಮೇಲೆ.”

ಡಾಕ್ಟರು ಹೌಹಾರಿದರು. “ಖಿನ್ನತೆ ಮಾತ್ರೆ ಜೊತೆ ಹಳದಿ ಹೂವಾ? ಆ ಹೂವೂ ಮನಸ್ಸಿನ ಮೇಲೇ ಕೆಲಸ ಮಾಡೋದು, ಎರಡೂ ಸೇರಬಾರದಮ್ಮಾ, ಅದಕ್ಕೇ ಈ ನಡುಕ. ಹೂವಿಂದು ಇವತ್ತಿಂದಲೇ ಬಂದ್. ಮಾತ್ರೆ ಏನು ಮಾಡೋದು ಅಂತ ನಿಮ್ಮ ಡಾಕ್ಟರ ಹತ್ರ ನಾನು ಮಾತಾಡ್ತೀನಿ, ನೀವಾಗಿ ಬಿಡೋದು ಹಿಡಿಯೋದು ಬೇಡ. ಇವತ್ತು ಇಲ್ಲೇ ಇರಿ, ನೋಡ್ಕೊಳ್ಳೋಣ.”

ಮಂಚದ ಮೇಲೆ ಮಲಗಿದ ಚಿಕ್ಕಮ್ಮನಿಗೆ ತಲೆಬುಡ ತಿಳಿಯಲಿಲ್ಲ. ತಾನು ಯಾರಿಗೂ ಹೇಳಿಲ್ಲ. ಅಕ್ಕ ಬೈಯಲೂ ಇಲ್ಲ.

“ಅಕ್ಕಾ, ಅದು ಮನಸ್ಸಿನ ಮಾತ್ರೆ ಅಂತ ನಿಂಗೆ ಹೇಗೆ ಗೊತ್ತಾಯ್ತು?”

“ನೋಡಿದ್ರೆ…” ಎಂದು ಶುರುಮಾಡಿದ ಅಕ್ಕ ಮಂಚದ ಅಂಚಿಗೆ ಕುಳಿತುಬಿಟ್ಟಳು. “ಅಮ್ಮ ಹೋದಾಗಿಂದ ನಾನೂ ಅದನ್ನೇ ನುಂಗ್ತಿದೀನಿ ಕಣೇ. ಮಾತ್ರೆ ಬಿಟ್ಟು ಇದನ್ನ ತಗೊಳ್ಳೋಣ ಅಂತ ಆ ಹೂವಿನ ಬಾಟ್ಲಿ ನಂಗೇ ತಂದ್ಕೊಂಡೆ. ಧೈರ್ಯ ಸಾಲ್ಲಿಲ್ಲ. ನಿಂಗೆ ಕೊಟ್ಟೆ.”

ಬೈಯಬೇಕೋ ತಬ್ಬಿಕೊಳ್ಳಬೇಕೋ ಚಿಕ್ಕಮ್ಮನಿಗೆ ತೋಚಲಿಲ್ಲ. ಅಕ್ಕನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಡುಗುತ್ತಿದ್ದದ್ದು ಯಾರ ಕೈ ಎಂಬುದು ಮಾತ್ರ ಅವಳಿಗೆ ತಿಳಿಯಲಿಲ್ಲ.